ಹಿರಿಯರದು ಅಜಾಗ್ರತೆಯಲ್ಲ, ಗ್ಲಾಕೋಮಾ ಇರಬಹುದು

‘ನೋಡಿಕೊಂಡು ನಡೆಯಬಾರದೇ?’ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡ, ಪಕ್ಕದಲ್ಲಿಟ್ಟ ಕಾಫಿ ಲೋಟ ಉರುಳಿಸಿದ ಹಿರಿಯರನ್ನು ಮನೆಮಂದಿ ಹೀಗೆ ಗದರುವುದುಂಟು. ವಯಸ್ಸಾಯಿತು, ಗಮನ ಎಲ್ಲೋ ಇರುತ್ತದೆ ಎಂದುಕೊಂಡು ಸುಮ್ಮನಾಗುತ್ತೇವೆ. ಆದರೆ ಇದು ಗ್ಲಾಕೋಮಾದ ಲಕ್ಷಣವೂ ಆಗಿರಬಹುದು.

ಕಣ್ಣು ಒಂದೇ ನೋಟದಲ್ಲಿ ಎಲ್ಲವನ್ನೂ ಸ್ಪಷ್ಟವಾಗಿ ಕಾಣಲಾರದು. ಆ ಶಕ್ತಿ ಇರುವುದು ಅಕ್ಷಿಪಟಲದ ನಡುವಿನ ಚಿಕ್ಕ ಭಾಗಕ್ಕೆ ಮಾತ್ರ. ಆದ್ದರಿಂದ ಕಣ್ಣು ಸೆಕೆಂಡಿಗೆ ಸುಮಾರು 3 ಬಾರಿ ಅತ್ತಿತ್ತ ನೆಗೆಯುತ್ತಲೇ ಇರುತ್ತದೆ. ಮುಂದೆ ಎಲ್ಲಿಗೆ ನೆಗೆಯಬೇಕೆಂಬ ಸುಳಿವು ಕೊಡುವುದು ಬದಿಯ ನೋಟ. ರಸ್ತೆ ದಾಟುವಾಗ ಪಕ್ಕದಿಂದ ಸೈಕಲ್ ಬಂದರೆ ನಮ್ಮ ಗಮನ ಅತ್ತ ತಿರುಗುವುದು ಈ ಸುಳಿವಿನಿಂದಲೇ.

ಗ್ಲಾಕೋಮಾದಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರ ನಿಧಾನವಾಗಿ ಹಾಳಾಗುತ್ತದೆ. ಹೆಚ್ಚಿನವರಲ್ಲಿ ನೋವೂ ಇಲ್ಲ, ಕೆಂಪೂ ಇಲ್ಲ. ಸಾಮಾನ್ಯವಾಗಿ ಮೊದಲು ಕೆಡುವುದು ಬದಿಯ ನೋಟ. ಸುಳಿವೇ ಸಿಗದಿದ್ದರೆ ಕಣ್ಣು ಅತ್ತ ಹೊರಳುವುದು ಹೇಗೆ? ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದ ಸಂಶೋಧಕರು ದಿನನಿತ್ಯದ ದೃಶ್ಯಗಳ ಚಿತ್ರ ತೋರಿಸಿ ಪರೀಕ್ಷಿಸಿದಾಗ, ಈ ರೋಗಿಗಳ ಕಣ್ಣು ಇತರರಿಗಿಂತ ಕಡಿಮೆ ಬಾರಿ ನೆಗೆದದ್ದು ಕಂಡುಬಂತು. ಈ ಅಧ್ಯಯನ 2012ರಲ್ಲಿ ಪ್ರಕಟವಾಯಿತು.

ರೋಗಿಗೇ ಇದು ತಿಳಿಯದಿರುವುದು ದೊಡ್ಡ ಅಪಾಯ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮರೆಮಾಡುತ್ತದೆ. ಉಳಿದ ಖಾಲಿಯನ್ನು ಮಿದುಳು ತುಂಬಿಕೊಳ್ಳುತ್ತದೆ. ಗ್ಲಾಕೋಮಾ ಎಂದರೆ ಕಪ್ಪು ಸುರಂಗದೊಳಗಿಂದ ನೋಡಿದಂತೆ ಎಂಬ ಚಿತ್ರವನ್ನು ನಾವು ಕಂಡಿದ್ದೇವೆ. ಅದೇ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತನಗೆ ಹಾಗೆ ಕಾಣುತ್ತದೆ ಎಂದವರು ಒಬ್ಬರೂ ಇರಲಿಲ್ಲ. ಕಪ್ಪು ಕಾಣಲಿ, ಆಮೇಲೆ ನೋಡೋಣ ಎಂದು ಕಾಯುವವರು ಮೋಸಹೋಗುತ್ತಾರೆ.

ಕನ್ನಡಕದ ನಂಬರ್ ನೋಡಿಸಿಕೊಂಡರೆ ಕಣ್ಣಿನ ಪರೀಕ್ಷೆ ಮುಗಿಯಿತು ಎಂಬ ಭಾವನೆಯನ್ನು ನಾವು ಬಿಡಬೇಕು. ಈ ರೋಗ ಇರುವವರೂ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿಯಾರು. 40 ದಾಟಿದವರು, ಅದರಲ್ಲೂ ತಂದೆ ತಾಯಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇರುವವರು, ನೇತ್ರತಜ್ಞರಲ್ಲಿ ಕಣ್ಣಿನ ಒತ್ತಡದ ಜೊತೆಗೆ ದೃಷ್ಟಿನರವನ್ನೂ ತೋರಿಸಿಕೊಳ್ಳಬೇಕು; ಅಗತ್ಯವೆಂದರೆ ದೃಷ್ಟಿಕ್ಷೇತ್ರದ ಪರೀಕ್ಷೆಯನ್ನೂ ಮಾಡಿಸಬೇಕು. ಒತ್ತಡ ಸರಿಯಿದ್ದವರಿಗೂ ಈ ರೋಗ ಬರುವುದುಂಟು.

ಹೋದ ದೃಷ್ಟಿ ಮರಳಿ ಬಾರದು. ಆದರೆ ತಪ್ಪದೆ ಹನಿ ಔಷಧಿ ಹಾಕಿಕೊಂಡರೆ ಉಳಿದದ್ದನ್ನು ಬಹುಮಟ್ಟಿಗೆ ಕಾಪಾಡಿಕೊಳ್ಳಬಹುದು. ರೋಗ ಇರುವವರು ಮೆಟ್ಟಿಲಲ್ಲೂ ರಸ್ತೆಯಲ್ಲೂ ಬೇಕೆಂದೇ ತಲೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಲಿ. ಮನೆಯವರು ನಡೆಯುವ ದಾರಿಯಲ್ಲಿ ಸ್ಟೂಲು, ಬಕೆಟ್ಟು ಇಡದಿರಲಿ.

ಇನ್ನೊಮ್ಮೆ ಲೋಟ ಉರುಳಿದಾಗ ಗದರಬೇಡಿ. ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.