ಕಾಗದದ ಮೇಲಿನ ಸಂಕಲ್ಪ

ಮನುಷ್ಯನ ಅಂತರಂಗದ ಆಸೆಗೆ ನಮ್ಮ ಹಿರಿಯರು ‘ಮನೋರಥ’ವೆಂದು ಹೆಸರಿಟ್ಟರು. ಈ ರಥಕ್ಕೆ ಒಂದು ವಿಶೇಷವುಂಟು. ಊರ ತೇರನ್ನು ಎಳೆಯಬೇಕಾದರೆ ಹಗ್ಗ ಬೇಕು, ಎಳೆಯುವ ಜನ ಬೇಕು, ಬೀದಿ ಹಸನಾಗಿರಬೇಕು. ಮನೋರಥಕ್ಕೆ ಇವೊಂದೂ ಬೇಡ. ಕುಳಿತಲ್ಲಿಯೇ ಕಾಶಿ ರಾಮೇಶ್ವರಗಳನ್ನು ಸುತ್ತಿಸಿಕೊಂಡು ಬರುತ್ತದೆ. ಆದಕಾರಣವೇ ಅದು ಎಷ್ಟೋ ಮಂದಿಯನ್ನು ಕುಳಿತಲ್ಲಿಯೇ ಕೂರಿಸಿಬಿಡುತ್ತದೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಹುಟ್ಟಿದ್ದು ಸುಮ್ಮನೆಯೇ?

ಆಸೆಯು ಮನಸ್ಸಿನಲ್ಲಿರುವಷ್ಟು ಕಾಲ ಅದಕ್ಕೆ ಹಿಂದುಮುಂದೆಂಬುದಿಲ್ಲ. ಮೊದಲು ಮಾಡತಕ್ಕದ್ದೂ ಕೊನೆಗೆ ಮಾಡತಕ್ಕದ್ದೂ ಒಂದರ ಮೇಲೊಂದು ಬಿದ್ದಿರುತ್ತವೆ. ನಮ್ಮ ಪೂರ್ವಿಕರು ಈ ತೊಡಕನ್ನು ಬಲ್ಲವರಾಗಿದ್ದರು. ಯಾವ ಶುಭಕರ್ಮವನ್ನು ತೊಡಗುವಾಗಲೂ ಮೊದಲು ಸಂಕಲ್ಪ ಮಾಡಬೇಕೆಂದು ಅವರು ವಿಧಿಸಿದರು. ಯಾವ ದೇಶದಲ್ಲಿ, ಯಾವ ಸಂವತ್ಸರ ಮಾಸ ತಿಥಿಗಳಲ್ಲಿ, ಯಾರು, ಯಾವ ಉದ್ದೇಶಕ್ಕಾಗಿ, ಯಾವ ಕರ್ಮವನ್ನು ಮಾಡುವರೆಂಬುದನ್ನೆಲ್ಲ ಅಲ್ಲಿ ಬಾಯಿಬಿಟ್ಟು ಹೇಳಬೇಕು. ಕೊನೆಯಲ್ಲಿ ಬರುವ ‘ಕರಿಷ್ಯೇ’ ಎಂಬ ಕ್ರಿಯಾಪದವು ಭವಿಷ್ಯತ್ಕಾಲದ ಉತ್ತಮಪುರುಷ ಏಕವಚನ. ಅದಕ್ಕೆ ‘ನಾನು ಮಾಡುವೆನು’ ಎಂದು ಅರ್ಥವೇ ಹೊರತು, ‘ಯಾರಾದರೂ ಮಾಡಲಿ’ ಎಂದಾಗಲಿ ‘ಆದರೆ ಚೆನ್ನು’ ಎಂದಾಗಲಿ ಅರ್ಥವಿಲ್ಲ. ಇದೇ ಸಂಕಲ್ಪವನ್ನು ಗೃಹಸ್ಥರು ತಮ್ಮ ಸ್ವಂತ ಹಂಬಲಗಳ ವಿಷಯದಲ್ಲಿ ಕಾಗದದ ಮೇಲೆ ಮಾಡಬೇಕೆಂಬುದೇ ಈ ತಿಂಗಳು ನಾವು ವಾಚಕರ ಮುಂದಿಡುವ ವಿಚಾರ.

ಇದಕ್ಕೆ ದೊಡ್ಡದೊಂದು ನಿದರ್ಶನವನ್ನು ಕೊಡೋಣ. 1791ರಲ್ಲಿ ಇಂಗ್ಲೆಂಡಿನ ಬಡ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಮೈಕೇಲ್ ಫ್ಯಾರಡೆ ಎಂಬಾತನು, ಹದಿನಾಲ್ಕನೆಯ ವಯಸ್ಸಿನಲ್ಲಿ ಲಂಡನ್ನಿನ ಪುಸ್ತಕದ ಅಂಗಡಿಯೊಂದರಲ್ಲಿ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದನು. ವಿಜ್ಞಾನವನ್ನು ಅರಿಯಬೇಕೆಂಬುದು ಅವನ ಕನಸು. ಅದಕ್ಕೆ ಬೇಕಾದ ಶಾಲೆಯೋದು ಅವನಿಗಿರಲಿಲ್ಲ. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯೆಂಬ ಪಂಡಿತನ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಅವನಿಗೆ ದೊರೆಯಿತು. ಕೇಳಿ ತಲೆದೂಗಿ ಅವನು ಸುಮ್ಮನಾಗಲಿಲ್ಲ. ಟಿಪ್ಪಣಿಗಳನ್ನು ಕ್ರಮಗೊಳಿಸಿ, ಚಿತ್ರಗಳನ್ನು ಬರೆದು, ಮುನ್ನೂರು ಪುಟಗಳಿಗೆ ಕಡಿಮೆಯಿಲ್ಲದ ಗ್ರಂಥವನ್ನು ಸಿದ್ಧಪಡಿಸಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷದ ಮಾರ್ಚಿಯಲ್ಲಿ ಆ ಸಂಸ್ಥೆಯಲ್ಲಿಯೇ ಅವನಿಗೆ ಸಹಾಯಕನ ಕೆಲಸವಾಯಿತು.

ಮುಂದೆ 1822ರಲ್ಲಿ, ಅಯಸ್ಕಾಂತಶಕ್ತಿಯಿಂದ ವಿದ್ಯುತ್ತನ್ನು ಪಡೆಯಬೇಕೆಂಬ ಗುರಿಯನ್ನು ಅವನು ತನ್ನ ಟಿಪ್ಪಣಿಪುಸ್ತಕದಲ್ಲಿ ಗುರುತು ಹಾಕಿಕೊಂಡನು. ಅದು ಕೈಗೂಡಿದ್ದು 1831ರ ಆಗಸ್ಟ್ 29ರಂದು. ನಡುವೆ ಕಳೆದುದು ಒಂಬತ್ತು ವರ್ಷ. ಈಚಿನ ಎಷ್ಟೋ ವಿದ್ಯುದ್ಯಂತ್ರಗಳಿಗೆ ಆ ದಿನದ ಶೋಧವೇ ಮೂಲ. 1832ರಿಂದ ಅವನು ತನ್ನ ಪ್ರಯೋಗಗಳ ದಿನಚರಿಯ ಟಿಪ್ಪಣಿಗಳಿಗೆ ಒಂದೊಂದು ಅಂಕೆಯನ್ನು ಕೊಡುತ್ತ ಬಂದನು. ಕಡೆಯ ಟಿಪ್ಪಣಿಯ ಅಂಕೆ 16041. ಹನಿ ಹನಿ ಗೂಡಿದರೆ ಹಳ್ಳವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಫ್ಯಾರಡೆಯು ಅಸಾಮಾನ್ಯನೆಂದು ವಾಚಕರು ಹೇಳಿಯಾರು. ಸಾಮಾನ್ಯರ ಮನೆಯ ಸಂಗತಿಯೊಂದನ್ನೂ ಕೇಳಿರಿ. ನಮ್ಮ ಪರಿಚಿತರೊಬ್ಬರಿದ್ದರು. ತಮ್ಮ ಊರಿನ ಹೆಂಗಸರು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ಪದಗಳನ್ನೆಲ್ಲ ಬರೆದಿಡಬೇಕೆಂಬುದು ಅವರ ಹಂಬಲ. ಜಗಲಿಯ ಮೇಲೆ ಕುಳಿತು ಮೂವತ್ತು ವರ್ಷ ಅದನ್ನೇ ಹೇಳಿದರು. ಊರಿಗೆ ಹಿಟ್ಟಿನ ಗಿರಣಿ ಬಂದಿತು, ಬೀಸುವ ಕಲ್ಲು ಮೂಲೆಗೆ ಸೇರಿತು, ಹಾಡುತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡರು. ಕಡೆಗೆ ಅವರೂ ಹೋದರು. ಪೆಟ್ಟಿಗೆಯಲ್ಲಿ ಹುಡುಕಿದರೆ ಒಂದು ಪದವೂ ಸಿಕ್ಕಲಿಲ್ಲ.

ಅವರ ಸೊಸೆ, ಹೆಚ್ಚು ಮಾತಿನವಳಲ್ಲ, ವರ್ಷಾಂತ ಕಳೆದ ಮೇಲೆ ಮಕ್ಕಳ ಹಳೆಯ ನೋಟುಪುಸ್ತಕವೊಂದನ್ನು ತೆಗೆದುಕೊಂಡು, ಪದಗಳನ್ನು ಬಲ್ಲ ಮುದುಕಿಯರ ಹೆಸರುಗಳನ್ನು ಬರೆದಳು. ಹನ್ನೊಂದು ಹೆಸರುಗಳಾದುವು. ಪಕ್ಕದಲ್ಲಿ ಅವರವರ ವಯಸ್ಸನ್ನೂ ಊರನ್ನೂ ಬರೆದಳು. ಅದುವರೆಗೆ ತನ್ನ ಬೀದಿಯವರಿಂದಲೇ ಮೊದಲುಮಾಡಬೇಕೆಂದು ಅವಳ ಎಣಿಕೆ. ಪಟ್ಟಿಯನ್ನು ನೋಡಿದೊಡನೆ ಆ ಎಣಿಕೆ ತಿರುಗಿತು. ದೂರದ ಹಳ್ಳಿಯೊಂದರಲ್ಲಿದ್ದ ತೊಂಬತ್ತು ವರ್ಷದ ಅಜ್ಜಿಯ ಹೆಸರು ಕೊನೆಯ ಸಾಲಿನಲ್ಲಿತ್ತು. ಅದಕ್ಕೆ ಒಂದನೆಯ ಅಂಕೆ ಹಾಕಿ, ಮುಂದಿನ ಭಾನುವಾರವೇ ಅಲ್ಲಿಗೆ ಹೋದಳು. ಮೂರು ಸಲ ಹೋಗಿಬರುವಷ್ಟರಲ್ಲಿ ಹತ್ತೊಂಬತ್ತು ಪದಗಳು ದೊರೆತುವು. ಮಳೆಗಾಲ ಮುಗಿಯುವುದರೊಳಗೆ ಆ ಅಜ್ಜಿ ತೀರಿಕೊಂಡಳು. ಉಳಿದ ಹತ್ತು ಮಂದಿಯಲ್ಲಿ ಯಾರಿಗೂ ಬಾರದ ಏಳು ಪದಗಳು ಆ ಪುಸ್ತಕದಲ್ಲಿವೆ. ಮಾವನವರ ಆಸೆಗೂ ಸೊಸೆಯ ಆಸೆಗೂ ಹೆಚ್ಚುಕಡಿಮೆಯಿರಲಿಲ್ಲ. ಒಂದು ಕಾಗದವನ್ನು ಕಂಡಿತು, ಇನ್ನೊಂದು ಕಾಣಲಿಲ್ಲ, ಅಷ್ಟೆ.

ಹಾಗಾದರೆ ಬರೆಯುವ ಬಗೆ ಹೇಗೆ? ಬಿಡಿ ಹಾಳೆಗಳು ಬೇಡ. ಅವು ಸಾಮಾನು ಕಟ್ಟುವುದಕ್ಕೆ ಹೋಗುತ್ತವೆ. ಹೊಲಿದ ಪುಸ್ತಕವೊಂದಿರಲಿ. ಮೊದಲನೆಯ ಪುಟದಲ್ಲಿ ನಿಮ್ಮ ಆಸೆಯನ್ನು ಒಂದೇ ವಾಕ್ಯದಲ್ಲಿ, ಸಂಕಲ್ಪದಂತೆ ಕರ್ತೃ, ದೇಶ, ಕಾಲಗಳೊಡನೆ ಬರೆಯಿರಿ. ‘ವೀಣೆ ಕಲಿಯಬೇಕು’ ಎಂದರೆ ಸಾಲದು. ಯಾರಲ್ಲಿ, ವಾರದ ಯಾವ ದಿನ, ಯಾವ ಹೊತ್ತಿನಲ್ಲಿ ಎಂಬುದು ಬರಬೇಕು. ಎರಡನೆಯ ಪುಟವನ್ನು ನಡುವೆ ಗೆರೆಯೆಳೆದು ಇಬ್ಭಾಗ ಮಾಡಿ, ಒಂದು ಕಡೆ ಕೈಯಲ್ಲಿರುವುದನ್ನೂ ಇನ್ನೊಂದು ಕಡೆ ಇಲ್ಲದುದನ್ನೂ ಬರೆಯಿರಿ. ಹಣವನ್ನು ಅಂಕೆಯಲ್ಲಿಯೇ ಬರೆಯಬೇಕು. ‘ಬಹಳ ಖರ್ಚು’ ಎಂಬ ಮಾತು ಎಷ್ಟೋ ಸಲ ಲೆಕ್ಕ ಹಾಕದವರ ಹೆದರಿಕೆಯಾಗಿರುತ್ತದೆ. ಮೂರನೆಯ ಪುಟದಲ್ಲಿ ಕೆಲಸಗಳನ್ನು ತೋಚಿದಂತೆ ಬರೆದು, ಆಮೇಲೆ ಯಾವುದು ತಡಮಾಡಿದರೆ ಕೆಡುವುದೋ ಅದಕ್ಕೆ ಮೊದಲ ಅಂಕೆ ಹಾಕಿರಿ. ಮುಂದಿನ ಪುಟಗಳಲ್ಲಿ ಆದ ಕೆಲಸವನ್ನು ಮಾತ್ರ ತಾರೀಖಿನೊಡನೆ ಬರೆಯುತ್ತ ಹೋಗಿರಿ.

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ನಮ್ಮ ಕರ್ತವ್ಯ ಪೂರ್ತಿಯಾಗದು. ಯುಗಾದಿಗೊಂದು ಪಟ್ಟಿ, ದೀಪಾವಳಿಗೊಂದು ಪಟ್ಟಿ ಬರೆದು, ಬರೆದುದರಿಂದಲೇ ತೃಪ್ತರಾಗುವವರುಂಟು. ಅಡಿಗೆಯ ಪಟ್ಟಿಯನ್ನು ಓದಿದ ಮಾತ್ರಕ್ಕೆ ಯಾರ ಹೊಟ್ಟೆ ತುಂಬೀತು? ಆದ್ದರಿಂದ ನಾಳೆ ಸೂರ್ಯಾಸ್ತದೊಳಗೆ ಮಾಡಬಹುದಾದ ಒಂದು ಸಣ್ಣ ಕೆಲಸವಾದರೂ ಆ ಪುಟದಲ್ಲಿ ಇರಲೇಬೇಕು.

ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲಿನವನ ಬಾಕಿಯನ್ನೂ ಅಗಸನ ಬಟ್ಟೆಯನ್ನೂ ತಪ್ಪದೆ ಬರೆಯುವ ಗೃಹಿಣಿಯರೂ ಗೃಹಸ್ಥರೂ ತಮ್ಮ ಹಂಬಲಕ್ಕೆ ಮಾತ್ರ ಒಂದು ಪುಟವನ್ನೂ ಕೊಡದಿರುವುದು ನ್ಯಾಯವಲ್ಲ. ಈ ರಾತ್ರಿ ದೀಪವಾರಿಸುವ ಮುನ್ನ ಮೊದಲನೆಯ ವಾಕ್ಯವನ್ನು ಬರೆಯಿರಿ. ಕೊನೆಯಲ್ಲಿ ಕ್ರಿಯಾಪದವು ಉತ್ತಮಪುರುಷದಲ್ಲಿರಲಿ.