ದೂರವನ್ನು ಅಳೆಯುವ ಬಗೆ

ಹಲಸೂರಿನ ಮಗ್ಗುಲಿನಲ್ಲಿರುವ ಮರ್ಫಿ ಟೌನ್ ಬೆಂಗಳೂರು ದಂಡು ಪ್ರದೇಶದ ಹಳೆಯ ಬಡಾವಣೆ. ಅಲ್ಲಿನವರಿಗೆ ವಿಮಾನ ನಿಲ್ದಾಣವು ಒಂದು ಕಾಲಕ್ಕೆ ನೆರೆಮನೆಯಂತಿತ್ತು. ಇಂದಿರಾನಗರ, ದೊಮ್ಮಲೂರು ದಾಟಿದರೆ ಎಚ್‌ಎಎಲ್ ನಿಲ್ದಾಣ. ಆರೇಳು ಕಿಲೋಮೀಟರ್ ದಾರಿ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಆರಂಭವಾದಾಗ ಹಳೆಯ ನಿಲ್ದಾಣದಿಂದ ನಿಗದಿತ ಪ್ರಯಾಣಿಕ ವಿಮಾನಗಳ ಹಾರಾಟ ನಿಂತಿತು. ಎರಡು ನಿಲ್ದಾಣಗಳ ನಡುವಿನ ರಸ್ತೆ ಹತ್ತಿರ ಹತ್ತಿರ 40 ಕಿಲೋಮೀಟರ್. ಅರ್ಧ ಗಂಟೆಯ ಪಯಣ ಒಂದೂವರೆ ಗಂಟೆಯದಾಯಿತು. ಹಳೆಯದನ್ನು ಉಳಿಸಿಕೊಳ್ಳಬೇಕೆಂದು ನಾಗರಿಕರು ಹೈಕೋರ್ಟಿನ ಮೆಟ್ಟಿಲೇರಿದರೂ ಫಲ ದೊರೆಯಲಿಲ್ಲ. 2004ರ ಒಪ್ಪಂದವು ಮೈಸೂರು, ಹಾಸನಗಳನ್ನು ಬಿಟ್ಟು 150 ಕಿಲೋಮೀಟರ್ ವ್ಯಾಪ್ತಿಯಲ್ಲಿ ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣಕ್ಕೆ 25 ವರ್ಷ ಎಡೆಯಿಲ್ಲದಂತೆ ಮಾಡಿತ್ತು.

ಮಲೆನಾಡಿನ ಹಳ್ಳಿಗರಿಗೆ ಈ ಪಟ್ಟಣದ ಕಥೆ ಏಕೆ? ದೂರ ಹೆಚ್ಚಿದಾಗ ಅದರ ಬೆಲೆಯನ್ನು ಪ್ರಯಾಣಿಕನೊಬ್ಬನೇ ತೆರುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ನಿಲ್ದಾಣ ದೂರ ಸರಿದ ಮೇಲೆ ಬಳ್ಳಾರಿ ರಸ್ತೆ ಅಗಲವಾಗಬೇಕಾಯಿತು. ದಾರಿಬದಿಯ ಮರಗಳು ಉರುಳಿದವು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆಯ ಯೋಜನೆ ಬಂದು, 812 ಮರಗಳು ಕೊಡಲಿಗೆ ಸಿಗುವ ಸ್ಥಿತಿ ಒದಗಿತು. ಜನ ಬೀದಿಯಲ್ಲಿ ಕೈಕೈ ಹಿಡಿದು ಸರಪಳಿಯಾಗಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ವಿಪರ್ಯಾಸವೆಂದರೆ, ಯಲಹಂಕ–ಚಿಕ್ಕಬಳ್ಳಾಪುರದ ರೈಲು ಹಳಿ ಹೊಸ ನಿಲ್ದಾಣದ ಪಕ್ಕದಲ್ಲೇ ಮೊದಲಿನಿಂದಲೂ ಇತ್ತು. ಅಲ್ಲೊಂದು ಪುಟ್ಟ ರೈಲು ತಂಗುದಾಣ ತೆರೆದದ್ದು 2021ರ ಜನವರಿಯಲ್ಲಿ. ಇದ್ದ ಹಳಿಯ ಮೇಲೆ ಗಾಡಿ ನಿಲ್ಲಿಸಲು ಹನ್ನೆರಡೂವರೆ ವರ್ಷ ಬೇಕಾಯಿತು. ಮರ ಕಡಿಯುವ ಆಲೋಚನೆಗೆ ಮಾತ್ರ ಅಷ್ಟು ಕಾಲ ಹಿಡಿಯಲಿಲ್ಲ.

2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿಯೂ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಬೆಂಗಳೂರಿಗೆ ಒಂದೇ ಗಂಟೆ ಎಂಬ ಮಾತು ಮಲೆನಾಡಿನಲ್ಲೆಲ್ಲ ಹರಡಿತು. ಮರ್ಫಿ ಟೌನಿನ ಮನೆಬಾಗಿಲಿನಿಂದ ಎಣಿಸಿದರೆ ಲೆಕ್ಕ ಬೇರೆ. ದೇವನಹಳ್ಳಿಗೆ ಒಂದೂವರೆ ಗಂಟೆ, ತಪಾಸಣೆ ಮತ್ತು ಕಾಯುವಿಕೆಗೆ ಕನಿಷ್ಠ ಒಂದು ಗಂಟೆ, ಹಾರಾಟಕ್ಕೆ ಒಂದೂಕಾಲು, ಸೋಗಾನೆಯಿಂದ ಊರಿಗೆ ಅರ್ಧ: ಒಟ್ಟು ನಾಲ್ಕೂಕಾಲು ಗಂಟೆ. ಯಶವಂತಪುರ ತಲುಪುವ ಒಂದು ಗಂಟೆ ಸೇರಿಸಿದರೂ ಜನಶತಾಬ್ದಿ ರೈಲಿನಲ್ಲಿ ಸುಮಾರು ಐದೂವರೆ. ಉಳಿಯುವುದು ಒಂದೂಕಾಲು ಗಂಟೆ ಮಾತ್ರ. ತೀರ್ಥಹಳ್ಳಿ, ಹೊಸನಗರದ ಕಡೆಯವರು ಅಲ್ಲಿಂದಾಚೆಗೆ ಬಸ್ಸನ್ನೇ ಕಾಯಬೇಕು.

ವಿಮಾನ ಬೇಡವೆಂಬುದು ಇಲ್ಲಿನ ವಾದವಲ್ಲ. ತುರ್ತು ಚಿಕಿತ್ಸೆಗೆ ಹೊರಟ ರೋಗಿಗೆ ಒಂದು ಗಂಟೆಯೂ ಅಮೂಲ್ಯವೇ. ಆದರೆ ಉಳಿತಾಯದ ಹೆಸರಿನಲ್ಲಿ ರಸ್ತೆ ಅಗಲಿಸುವ, ಘಾಟಿ ಕೊರೆಯುವ ಪ್ರಸ್ತಾಪ ಬಂದಾಗಲೆಲ್ಲ ಪೂರ್ತಿ ಲೆಕ್ಕ ಗ್ರಾಮಸಭೆಯ ಮುಂದೆ ಬರಬೇಕು: ಮನೆಯಿಂದ ಮನೆಗೆ ಎಷ್ಟು ಹೊತ್ತು, ಉಳಿತಾಯ ಯಾರದು, ಎಷ್ಟು ಮರ, ಎಷ್ಟು ಗದ್ದೆ, ರೈಲಿನಿಂದ ಅದೇ ಕೆಲಸ ಆಗದೇ?

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಮ್ಮ ತಮ್ಮ ಊರಿನಿಂದಲೇ ಹಾಕಿ ನೋಡಬಹುದು. ಗಡಿಯಾರವೊಂದು, ಹಾಳೆಯೊಂದು ಸಾಕು. ಕಡಿದ ಮರ ಬೆಳೆಯಲು ಬೇಕಾದ ಕಾಲವನ್ನೂ ಅದೇ ಹಾಳೆಯಲ್ಲಿ ಬರೆದಿಡುವುದು ಮಾತ್ರ ಮರೆಯಬಾರದು.