ಬೋಲ್ಟು ಹೇಳಿದರೆ ಕೇಳುವವರಾರು?

ಕಲಾಶಾಖೆಯ ವಿದ್ಯಾರ್ಥಿಗೆ ಬೋಲ್ಟಿನ ಗೊಡವೆ ಏಕೆಂದು ಮಿತ್ರರು ನಗಬಹುದು. ಆದರೂ ನನಗೆ ತೋರಿದುದನ್ನು ಹೇಳುತ್ತೇನೆ.

ಯಂತ್ರದ ಕಂಪನವನ್ನು ಅಳೆಯುವ ಪುಟ್ಟ ಎಲೆಕ್ಟ್ರಾನಿಕ್ ಸಾಧನವನ್ನು ಈಗ ಯಂತ್ರಕ್ಕೆ ಬಿಗಿಯುವ ಬೋಲ್ಟಿನೊಳಗೇ ಅಡಗಿಸುವುದುಂಟು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರು. ಇಂತಹ ಅನೇಕ ಸಾಧನಗಳಿಗೆ ಆ ತತ್ತ್ವವೇ ಆಧಾರ. ಸಡಿಲವಾಗಿ ಕೂರಿಸಿದ ಸಾಧನಕ್ಕೆ ಬೇರಿಂಗಿನ ಅತಿವೇಗದ ಸಣ್ಣ ನಡುಕ ಸರಿಯಾಗಿ ಮುಟ್ಟದು. ಯಂತ್ರದ ಮೈಗೆ ಗಟ್ಟಿಯಾಗಿ ಬಿಗಿದ ಬೋಲ್ಟಿಗೆ ಅದು ಮುಟ್ಟುತ್ತದೆ.

ಆದರೆ ತಿಳಿದರಷ್ಟೇ ಸಾಕೆ? ರಷ್ಯಾದ ಯೆನಿಸೇ ನದಿಯ ಮೇಲಿರುವ ಸಯಾನೊ-ಶುಶೆನ್‌ಸ್ಕಯಾ ಜಲವಿದ್ಯುದಾಗಾರದ ಕಥೆಯನ್ನು ನೋಡಿರಿ. 2009ರ ಆಗಸ್ಟ್ 17ರಂದು ಅಲ್ಲಿನ ಎರಡನೆಯ ಟರ್ಬೈನಿನ ಮುಚ್ಚಳವನ್ನು ಹಿಡಿದಿದ್ದ ಬೋಲ್ಟುಗಳು ಮುರಿದು, ನೀರು ನುಗ್ಗಿ, 75 ಜನ ಮಡಿದರು. ಪರೀಕ್ಷಿಸಿದ 49 ಬೋಲ್ಟುಗಳ ಪೈಕಿ 41ರಲ್ಲಿ, ಬಹುಕಾಲ ಅಲುಗಿ ಲೋಹ ಸೋತಾಗ ಬೀಳುವ ಬಿರುಕುಗಳಿದ್ದವು. ಅಂತಹ ಬಿರುಕು ಒಂದೇ ದಿನದಲ್ಲಿ ಬೀಳುವುದಲ್ಲ. ಕಂಪನ ಹೆಚ್ಚಿದ್ದರೂ ಯಂತ್ರವನ್ನು ನಿಲ್ಲಿಸಲಿಲ್ಲವೆಂದು ತನಿಖೆಯ ವರದಿ ಹೇಳಿತು.

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಅಂತಹ ಬೋಲ್ಟನ್ನು ಕೊಳ್ಳುವ ಮೊದಲು, ಅದು ಎಚ್ಚರಿಸಿದಾಗ ಯಂತ್ರವನ್ನು ನಿಲ್ಲಿಸುವವರು ಯಾರೆಂಬುದನ್ನು ಬರೆದಿಡಬೇಕು. ಪಕ್ಕದಲ್ಲಿ ನಿಂತ ಕೆಲಸಗಾರನಿಗೂ ಆ ಅಧಿಕಾರವಿರಬೇಕು. ನಿಲ್ಲಿಸಿದುದಕ್ಕಾಗಿ ಅವನ ಕೂಲಿ ಕಡಿಯಬಾರದು. ಬೋಲ್ಟನ್ನು ಮಾಡುವುದು ಎಂಜಿನಿಯರರ ಕೆಲಸ. ಈ ನಿಯಮವನ್ನು ಮಾಡುವುದಾದರೋ ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನೋದುವ ನಮ್ಮಂಥವರಿಗೂ ಸೇರಿದ್ದಲ್ಲವೆ?